ಮಾಸ್ತರರ ಮೊಣಕೈ

ಅಡಿಪಟ್ಟಿ ಹದಿನಾಲ್ಕನೆಯ ಸೆಂಟಿಮೀಟರಿನ ಗೆರೆಯಲ್ಲಿ ತಂಗಿಯ ಬೆರಳಿಗೆ ಸಿಕ್ಕಿತು. ನಾನು ಮೇಲಿನಿಂದ ಬಿಡುವುದು, ಅವಳು ಹಿಡಿಯುವುದು. ಧಾರವಾಡದಲ್ಲಿ ಮನಶ್ಶಾಸ್ತ್ರ ಓದುವಾಗ ಕಲಿತ ಪರೀಕ್ಷೆ. ಬೇಗ ಹಿಡಿದಷ್ಟೂ ಅಂಕಿ ಸಣ್ಣದು. ಆಮೇಲೆ ಅವಳ ಕಣ್ಣು ಮುಚ್ಚಿಸಿ, ಬಿಡುವಾಗ ಮೆಲ್ಲಗೆ ‘ಹಾಂ’ ಎಂದೆ. ಪಟ್ಟಿ ನೆಲಕ್ಕೆ ಬಿತ್ತು. ಮೂರು ಸಲವೂ ಬಿತ್ತು.

“ಇಬ್ಬರಿಗೂ ಹುಚ್ಚ ಹಿಡದೈತಿ. ಅದನ್ನ ಇಟ್ಟು ಮೆಣಸಿನಕಾಯಿ ತೊಟ್ಟು ಬಿಡಸ್ರಿ,” ಅಂದಳು ಅವ್ವ.

ಚಿಕ್ಕಂದಿನಿಂದ ಸೋರುತ್ತಿದ್ದ ತಂಗಿಯ ಕಿವಿ ಇಷ್ಟು ಮಂದವಾಗಿದೆಯೆಂದು ನನಗೆ ತಿಳಿದದ್ದು ಅವತ್ತು. ಅವಳಿಗೆ ಓಟ ಕಲಿಸುವ ಶಾಲೆಯ ಆಟದ ಮಾಸ್ತರರಿಗೆ ಹೇಳೋಣವೆಂದೆ.

“ಸುಮ್ಮನಿರು. ನಾಳೆ ಕನ್ಯಾ ನೋಡಾಕ ಯಾರ ಬರ್ತಾರ?” ಅಂದಳು ಅವ್ವ.

ಸುಮ್ಮನಾದೆ. ಬೇರೆ ಉಪಾಯ ಹುಡುಕಿದೆ. ಬ್ಯಾಡಗಿಯ ನಮ್ಮ ಮಾಸ್ತರರು ಎರಡು ಮರದ ಹಲಗೆಗಳನ್ನು ಒಂದಕ್ಕೊಂದು ಬಡಿದು ಓಟ ಶುರು ಮಾಡಿಸುತ್ತಿದ್ದರು. ಗೆರೆಯ ಮುಂದೆ, ಒಂದು ಪಕ್ಕಕ್ಕೆ ನಿಲ್ಲುವುದು ಅವರ ರೂಢಿ. ಬಡಿಯುವ ಮುನ್ನ ಅವರ ಮೊಣಕೈ ಒಂದಿಷ್ಟು ಹೊರಕ್ಕೆ ಹೋಗುತ್ತಿತ್ತು. ಸದ್ದಿಗೆ ಕಾಯಬೇಡ, ಅದನ್ನು ನೋಡು ಎಂದು ತಂಗಿಗೆ ಹೇಳಿಕೊಟ್ಟೆ. ಅವಳು ಎಲ್ಲರಿಗಿಂತ ಮೊದಲು ಏಳತೊಡಗಿದಳು.

“ನಿನ್ನ ತಂಗಿ ಕಿವಿ ಭಾಳ ಚುರುಕು ನೋಡವಾ,” ಎಂದರು ಮಾಸ್ತರರು.

ಹಾವೇರಿಯ ಆಯ್ಕೆಯ ಓಟದಲ್ಲಿ ಮೊದಲ ಇಬ್ಬರೊಳಗೆ ಬಂದರೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸೀಟು, ಮುಂದಿನ ಓದು. ಇಲ್ಲದಿದ್ದರೆ ಹತ್ತನೆಯ ತರಗತಿಗೇ ಸಾಕು ಎಂದು ಅಪ್ಪ ಹೇಳಿಯಾಗಿತ್ತು.

ಅಲ್ಲಿ ಹಲಗೆ ಹಿಡಿದ ಬೇರೊಬ್ಬ ಮಾಸ್ತರರು ಹುಡುಗಿಯರ ಹಿಂದೆ ಹೋಗಿ ನಿಂತರು. ತಂಗಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಹಗ್ಗದಾಚೆ, ಹತ್ತು ಹೆಜ್ಜೆ ದೂರದಲ್ಲಿದ್ದೆ. ‘ಸರ್, ಸ್ವಲ್ಪ ಮುಂದ ಬರ್ರಿ’ ಎಂದಿದ್ದರೆ ಸಾಕಿತ್ತು. ಯಾಕೆಂದು ಕೇಳಿಯಾರು ಎಂದು ಸುಮ್ಮನೆ ನಿಂತೆ. ಹಲಗೆಯ ಸದ್ದಾಯಿತು. ಪಕ್ಕದವಳ ಹಿಮ್ಮಡಿ ಎದ್ದದ್ದು ಕಂಡ ಮೇಲೆ ತಂಗಿ ಎದ್ದಳು. ಮೂರನೆಯವಳಾಗಿ ಬಂದಳು. ಎರಡನೆಯವಳಿಗೂ ಅವಳಿಗೂ ಒಂದು ಗೇಣು ಅಂತರ.

“ಅಕ್ಕಾ, ಅಂವ ಹಿಂದ ನಿಂತಿದ್ದ,” ಅಂದಳು ಬಸ್ಸಿನಲ್ಲಿ.

“ಹೌದು.”

“ನೀ ನೋಡಿದ್ದಿಯೇನು?”

“ನೋಡಿದ್ದೆ.”

ಮೋಟೆಬೆನ್ನೂರು ದಾಟಿದರೂ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಮರುದಿನ ಬೆಳಗ್ಗೆ, ಅವ್ವನಿಗೆ ಹೇಳಿಯೇ, ಅವಳನ್ನು ರಾಣೆಬೆನ್ನೂರಿನ ಕಿವಿ ಡಾಕ್ಟರ ಬಳಿಗೆ ಕರೆದೊಯ್ದೆ. ಚೀಟಿ ಬರೆಯುವಾತ ಏನು ತೊಂದರೆ ಎಂದು ಕೇಳಿದ. ಅಲ್ಲಿ ಕುಳಿತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.