ರುಬೀನಾ, ಅಂದು ನಿನ್ನ ಕೈ ಶುದ್ಧವಾಗಿತ್ತು

ರುಬೀನಾ, ಅಂದು ಬಾಟಲಿ ಕಪ್ಪಾದದ್ದು ನಿನ್ನ ಕೈಯಿಂದಲ್ಲ. ನೀರೇ ಕೆಟ್ಟಿತ್ತು. ಅದು ಗೊತ್ತಿದ್ದೂ ನಾನು ಇಡೀ ತರಗತಿಯ ಮುಂದೆ ತಪ್ಪನ್ನು ನಿನ್ನ ಕೈಯ ಮೇಲೆ ಹಾಕಿದೆ.

ನೀನಾಗ ರಾಮನಗರದ ಒಂದು ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ. ನಾನು ಒಂದು ಸಂಸ್ಥೆಯ ಕಡೆಯಿಂದ ವಾರಕ್ಕೊಮ್ಮೆ ಬಂದು ಪರಿಸರ ಪಾಠ ಮಾಡುವ ಮಿಸ್ಸು. ಅಕ್ಕೂರಿನಲ್ಲಿ ರೇಷ್ಮೆ ಹುಳು ಸಾಕುವ ಮನೆಯವಳು, ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಕಂಡವಳು. ಆ ಬಿ.ಎಸ್ಸಿ.ಗೆ ಪಟ್ಟ ಪಾಡು ನನಗೇ ಗೊತ್ತು. ಅದರ ಹೆಮ್ಮೆ ಇವತ್ತಿಗೂ ಇದೆ. ಆದರೆ ಆ ಓದು ಕಲಿಸಿದ್ದನ್ನೇ ನಾನು ಅಂದು—

ಇರಲಿ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾವು ಕುಡಿಯುವ ನೀರಿನ ಬಗ್ಗೆ ಪಾಠ. ಔಷಧಿ ಹಾಕಿದ ಪುಟ್ಟ ಬಾಟಲಿಗೆ ಶಾಲೆಯ ನಲ್ಲಿ ನೀರು ತುಂಬಿ ಮುಚ್ಚಿಡಬೇಕು. ಮರುದಿನಕ್ಕೆ ಕಪ್ಪಾದರೆ ನೀರಿಗೆ ಹೊಲಸು ಸೇರಿದೆ ಎಂದರ್ಥ. ತುಂಬಲು ನಿನ್ನನ್ನೇ ಕರೆದೆ, ನಿನ್ನಷ್ಟು ಜೋಪಾನ ಯಾರಿಗೂ ಇರಲಿಲ್ಲ. ನೀನು ಸೋಪು ಹಾಕಿ ಮೂರು ಸಲ ಕೈ ತೊಳೆದೆ. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಬಾಟಲಿಗೆ ನಿನ್ನ ಹೆಸರಿನ ಚೀಟಿ ಅಂಟಿಸಿದ್ದೂ ನಾನೇ.

ನೋಡಲೆಂದು ಮರುದಿನ ಮತ್ತೆ ಬಂದೆ. ಬಾಟಲಿ ಡಾಂಬರಿನಂತೆ ಕಪ್ಪಾಗಿತ್ತು. ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತುಬಿಟ್ಟರು.

"ಏನಮ್ಮ ಇದು? ಸೋಮವಾರ ನಿಮ್ಮೋರೇ ನೋಡಕ್ಕೆ ಬತ್ತಾವ್ರೆ. ಇದ ತೋರ್ಸಿ ನಮ್ ಮಾನ ಕಳೀತೀರಾ?"

ಬರುವವರು ನಮ್ಮ ಕಾರ್ಯಕ್ರಮಕ್ಕೆ ನೆರವು ಕೊಡುವವರು. ಅವರು ಮೆಚ್ಚಿದರೆ ನನ್ನ ಕೆಲಸ ಕಾಯಂ. ತರಗತಿ ಪೂರ್ತಿ ನನ್ನ ಬಾಯನ್ನೇ ನೋಡುತ್ತಿತ್ತು. ನೀನೂ—ನೀನು ಮಾತ್ರ ಹೆದರಿರಲಿಲ್ಲ. ದೊಡ್ಡದೇನನ್ನೋ ಕಂಡುಹಿಡಿದವಳ ಹಾಗೆ ಕೂತಿದ್ದೆ.

ನಮ್ಮ ಹುಳು ಮನೆಗೆ ಕೈಕಾಲು ತೊಳೆಯದೆ ಯಾರೂ ಕಾಲಿಡುವಂತಿಲ್ಲ. ಹುಳುವಿಗೆ ರೋಗ ಬಂದು ತಟ್ಟೆಗಟ್ಟಲೆ ಸತ್ತರೆ ನಮ್ಮಜ್ಜಿ ಸೊಪ್ಪನ್ನು ನೋಡುತ್ತಿರಲಿಲ್ಲ, ಗಾಳಿ ಬೆಳಕನ್ನು ನೋಡುತ್ತಿರಲಿಲ್ಲ. "ಯಾವ್ಳು ಕೈ ತೊಳೀದೆ ಒಳಿಕ್ ಬಂದೋಳು?" ಎಂದು ಕೇಳುತ್ತಿದ್ದಳು. ಯಾರಾದರೊಬ್ಬ ಹೆಂಗಸು, ಬಹಳ ಸಲ ಕೂಲಿಗೆ ಬಂದವಳೇ, ತಲೆ ತಗ್ಗಿಸುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅಂದು ನನ್ನ ಬಾಯಿಂದ ಬಂದದ್ದೂ ಅದೇ ಮಾತು.

"ರುಬೀನಾ, ಕೈ ತೊಳೆದಿದ್ಯಾ?"

"ತೊಳ್ದಿದ್ದೆ ಮಿಸ್. ಮೂರ್ ಸಲ. ನೀವೇ ನೋಡಿದ್ರಲ್ಲ."

"ನಿನ್ನೆ ಬೆಳಿಗ್ಗೆ ಮನೇಲಿ ನೂಲು ತೆಗೆಯೋ ಹತ್ರ ಕೂತಿದ್ಯೋ ಇಲ್ವೋ?"

ನಿನ್ನ ಅಬ್ಬಾ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮಾಡುತ್ತಿದ್ದರು. ಬೇಯಿಸಿದ ಗೂಡಿನ ವಾಸನೆ ನಿನ್ನ ಲಂಗಕ್ಕೂ ಹತ್ತಿರುತ್ತಿತ್ತು. ನೀನು ಸುಳ್ಳು ಹೇಳಲಿಲ್ಲ, ಹೂಂ ಅಂದೆ. ಹಿಂದಿನ ಬೆಂಚಿನಿಂದ ಒಬ್ಬ, "ಹುಳದ್ ಕೈ ಕಣ್ಲಾ ಅವ್ಳ್ದು" ಅಂದ. ಎಲ್ಲರೂ ನಕ್ಕರು. ನಾನು ಗದರಲಿಲ್ಲ. ಆ ನಗು ನನಗೆ ಬೇಕಾಗಿತ್ತು.

"ಈ ಸಲ ನಾನೇ ತುಂಬ್ತೀನಿ" ಅಂದೆ. ತುಂಬಿದ್ದು ನಲ್ಲಿ ನೀರಲ್ಲ, ನನ್ನ ಚೀಲದಲ್ಲಿದ್ದ ಕ್ಯಾನ್ ನೀರು. ನಾನು ನಿಮ್ಮ ನಲ್ಲಿಗೆ ಒಂದು ದಿನವೂ ಬಾಯಿ ಹಚ್ಚಿದವಳಲ್ಲ, ರುಬೀನಾ. ನಿಮಗೆ ನೀರಿನ ಪಾಠ ಹೇಳಿ, ನನ್ನ ನೀರನ್ನು ಮನೆಯಿಂದ ತರುತ್ತಿದ್ದೆ.

ಸೋಮವಾರ ಬಾಟಲಿ ತಿಳಿಯಾಗೇ ಇತ್ತು. ಬಂದವರು ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ.

ಆ ವಾರವೇ ಗುಟ್ಟಾಗಿ ಇನ್ನೊಂದು ಬಾಟಲಿಗೆ ಅದೇ ನಲ್ಲಿ ನೀರು ಹಿಡಿದು ಮನೆಗೆ ಒಯ್ದೆ. ಕಪ್ಪಾಯಿತು. "ಟ್ಯಾಂಕ್ ಒಂದ್ಸಲ ತೊಳೆಸಿಬಿಡಿ ಸಾರ್" ಎಂದಷ್ಟೇ ಹೆಡ್‌ಮಾಸ್ಟರಿಗೆ ಹೇಳಿದೆ. ಕಾರಣ ಹೇಳಲಿಲ್ಲ. ಅವರು ತೊಳೆಸಿದ್ದು ದಸರಾ ರಜೆಯಲ್ಲಿ. ಅಲ್ಲಿಯವರೆಗೆ ನೀವೆಲ್ಲ ಬಿಸಿಯೂಟ ಮುಗಿಸಿ ಅದೇ ನಲ್ಲಿಗೆ ಬೊಗಸೆ ಒಡ್ಡುತ್ತಿದ್ದಿರಿ. ನಡುವೆ ಒಂದೆರಡು ವಾರ ಬೆಂಚುಗಳು ಖಾಲಿ ಕಂಡವು. ಯಾರಿಗೆ ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಯಾರಾದರೂ ಹೇಳಿಬಿಡುತ್ತಿದ್ದರು.

ನನ್ನ ಕೆಲಸ ಕಾಯಂ ಆಯಿತು. ನೀನು ಮತ್ತೆ ಯಾವ ಬಾಟಲಿಯನ್ನೂ ಮುಟ್ಟಲಿಲ್ಲ.

ಕಳೆದ ತಿಂಗಳು ಅದೇ ಕೋಣೆ, ಅದೇ ಪಾಠ. ನಿನ್ನ ತಂಗಿ ಸಾನಿಯಾ ಈಗ ಏಳನೇ ತರಗತಿ. ಬಾಟಲಿ ನೀಡಿದರೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬ್ಯಾಡ ಮಿಸ್. ನಮ್ಮನೇರು ಮುಟ್ಟಿದ್ರೆ ಕಪ್ಪಾಯ್ತೈತೆ. ಆಪಾ ಹೇಳವ್ಳೆ."

ಅಳಲಿಲ್ಲ, ನಾಚಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ ಹೇಳಿದಳು. ಅವಳ ಅಕ್ಕನಾದ ನೀನು ಅದನ್ನು ನಂಬಿದ್ದೀಯೆ ಎಂದು ಆಗ ತಿಳಿಯಿತು. ಇಷ್ಟು ವರ್ಷ ನನ್ನ ಸುಳ್ಳನ್ನು ನಿನ್ನ ಕೈಯಲ್ಲೇ ಇಟ್ಟುಕೊಂಡು—

ಆಗಲೂ ನಾನು ಬಾಯಿ ಬಿಡಲಿಲ್ಲ. ಬೇರೆ ಮಗುವನ್ನು ಕರೆದೆ.

ಈ ಕಾಗದವನ್ನು ಮೊದಲು ನಿನಗೆ ತಲುಪಿಸುತ್ತೇನೆ. ನೀನು ಬೇಡವೆನ್ನದಿದ್ದರೆ, ಬರುವ ಗುರುವಾರ ಅದೇ ಕೋಣೆಯಲ್ಲಿ, ಹೆಡ್‌ಮಾಸ್ಟರ ಎದುರಿಗೇ ಓದುತ್ತೇನೆ. ಕೆಲಸ ಉಳಿಯುತ್ತದೋ ಇಲ್ಲವೋ, ಅದು ನಿನ್ನ ಚಿಂತೆಯಲ್ಲ. ನೀನು ಬರಬೇಕೆಂದೂ ಕೇಳುವುದಿಲ್ಲ.

ಓದಿ ಮುಗಿಸಿ ಬಾಟಲಿಯನ್ನು ಸಾನಿಯಾಳ ಮುಂದೆ ಇಡುತ್ತೇನೆ. ಅವಳು ತೆಗೆದುಕೊಂಡರೆ ನಲ್ಲಿಯವರೆಗೆ ಜೊತೆಗೆ ಹೋಗುತ್ತೇನೆ. ಕೈ ಹಿಂದಕ್ಕೇ ಕಟ್ಟಿಕೊಂಡರೆ, ಕೈ ಚಾಚು ಮಗಳೇ ಎನ್ನುವ ಅಧಿಕಾರ ನನಗಿಲ್ಲ.