ವಿಶಾಲಾಕ್ಷಿ ಮೇಡಂ ಕೆಲಸ ಮಾಡದ ದಿನ

ನಮ್ಮ ಆಫೀಸಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ಹೆಣ್ಣಿನ ಹೆಸರು ವಿಶಾಲಾಕ್ಷಿ. ವಯಸ್ಸು ನಲವತ್ತೊಂಬತ್ತು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಗಿದೆ, ಮಗಳು ಎರಡನೇ ಪಿಯುಸಿ ಓದುತ್ತಿದ್ದಾಳೆ. ನೋಡಲು ಬಂದದ್ದು ಗಂಡಿನ ಕಡೆಯವರಲ್ಲ, ನಮ್ಮ ಸಂಸ್ಥೆಯ ಹೆಡ್ ಆಫೀಸಿನವರು. ವಿಮಾನದಲ್ಲಿ ಬಂದರು, ಉಪ್ಪಿಟ್ಟು, ಕೇಸರಿಬಾತು ತಿಂದರು, ಒಂದು ದಿನ ಪೂರ್ತಿ ಹೆಣ್ಣನ್ನು ನೋಡಿದರು, ಹೊರಟು ಹೋದರು.

ಅರ್ಥವಾಗಲಿಲ್ಲವೇ? ಮೊದಲಿನಿಂದ ಹೇಳುತ್ತೇನೆ.

ಹೊಟ್ಟೆಪಾಡಿಗೆ ನಾನು ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ದುಡಿಯುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಯಾವುದು ಎಂದು ಮಾತ್ರ ಕೇಳಬೇಡಿ. ಹೇಳಿದರೆ ಇರುವ ಕೆಲಸಕ್ಕೂ ಕುತ್ತು.) ಅಂತರರಾಷ್ಟ್ರೀಯ ಎಂದ ಕೂಡಲೇ ಗಾಜಿನ ಕಟ್ಟಡ, ಬಾವುಟಗಳ ಸಾಲು ಎಂದುಕೊಳ್ಳಬೇಡಿ. ಬೆಂಗಳೂರಿನ ಶಂಕರಪುರಂನಲ್ಲಿ ಒಂದು ಹಳೆಯ ಮನೆ, ಕಾಂಪೌಂಡಿನಲ್ಲಿ ಎರಡು ತೆಂಗಿನ ಮರ, ಒಳಗೆ ನಾವು ಏಳು ಜನ. ಬೇರೆ ಬೇರೆ ದೇಶಗಳಿಂದ ಬರುವ ನೀರು ಸರಬರಾಜು ಎಂಜಿನಿಯರುಗಳಿಗೆ ಇಲ್ಲಿ ತರಬೇತಿ ಏರ್ಪಡಿಸುವುದು ನಮ್ಮ ಕೆಲಸ.

ಇಂಥ ಸಂಸ್ಥೆಗಳಲ್ಲಿ ಪ್ರತಿ ಹುದ್ದೆಗೂ ಒಂದು ಗ್ರೇಡು, ಅಂಕಿ ದೊಡ್ಡದಾದಷ್ಟೂ ಸಂಬಳ ದೊಡ್ಡದು. ಡ್ರೈವರ್ ಮುನಿರಾಜು ಜಿ-2. ಟೆಲಿಫೋನ್ ನೋಡಿಕೊಳ್ಳುವ ವಿಶಾಲಾಕ್ಷಿ ಮೇಡಂ ಜಿ-3. ತರಬೇತಿ ವಿಭಾಗದ ಗುಮಾಸ್ತನಾದ ನಾನು ಜಿ-4. ಗಮನಿಸಿ, ಗ್ರೇಡು ಇರುವುದು ಹುದ್ದೆಗೆ, ಅಲ್ಲಿ ಕೂರುವ ಮನುಷ್ಯರಿಗಲ್ಲ. ನೀವು ಎಷ್ಟೇ ಬುದ್ಧಿವಂತರಾಗಿರಿ, ಕೂತದ್ದು ಜಿ-4 ಕುರ್ಚಿಯಾದರೆ ನೀವು ಜಿ-4.

ಎರಡು ವರ್ಷಕ್ಕೊಮ್ಮೆ ನಮ್ಮ ಬಜೆಟ್ ತಯಾರಾಗುತ್ತದೆ. ಅದರ ಕೊನೆಯಲ್ಲಿ ಒಂದು ಪಟ್ಟಿ. ಯಾವ ಹುದ್ದೆ ಮೇಲಕ್ಕೆ, ಯಾವುದು ಕೆಳಕ್ಕೆ, ಯಾವುದು ರದ್ದು ಎಂದು. ಇದಕ್ಕೆ ಹುದ್ದೆಗಳ ಮರುವರ್ಗೀಕರಣ ಎಂಬ ಗಂಭೀರ ಹೆಸರು. ಈ ಸಲ ಬಜೆಟ್ಟಿಗೆ ಮುಂಚೆ ಒಂದು ಸುತ್ತೋಲೆ ಬಂತು. ಎಲ್ಲ ಕಡೆಗೂ ಹೊಸ ಟೆಲಿಫೋನ್ ಯಂತ್ರ ಬರುತ್ತಿದೆ, ಆದ್ದರಿಂದ ಫೋನ್ ಎತ್ತುವುದಷ್ಟೇ ಕೆಲಸವಾಗಿರುವ ಹುದ್ದೆಗಳು ರದ್ದು. ಬೇರೆ ಜವಾಬ್ದಾರಿಯೂ ಇದೆ ಎಂದು ಕಂಡುಬಂದರೆ ಹುದ್ದೆ ಉಳಿಯುತ್ತದೆ, ಗ್ರೇಡು ಏರಲೂಬಹುದು.

ವಿಶಾಲಾಕ್ಷಿ ಮೇಡಂ ಆ ಸುತ್ತೋಲೆಯನ್ನು ಎರಡು ಸಲ ಓದಿ ಮಡಿಸಿಟ್ಟರು. ಅವರ ಯಜಮಾನರು ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿದ್ದು ಒಂದೂವರೆ ವರ್ಷವಾಗಿತ್ತು. ಮನೆ ನಡೆಯುತ್ತಿದ್ದದ್ದು ಈ ಜಿ-3ರಿಂದಲೇ. ಅದು ನಮಗೆಲ್ಲ ಗೊತ್ತಿತ್ತು.

ಫಾರಂ ತುಂಬಿ ಕಳಿಸಬೇಕಿತ್ತು. ತಮ್ಮ ಕೆಲಸಗಳನ್ನು ವಿವರಿಸಲು ಎರಡು ಪುಟ ಜಾಗ. ಮೇಡಂ ಬರೆದದ್ದು ಒಂದು ಸಾಲು: ಟೆಲಿಫೋನ್ ಕರೆಗಳನ್ನು ಸ್ವೀಕರಿಸುವುದು ಮತ್ತು ಇತರೆ.

"ಇತರೆ ಅಂದ್ರೆ ಏನ್ ಮೇಡಂ?" ಎಂದೆ.

"ಇತರೆ ಅಂದ್ರೆ ಇತರೆ, ಮೂರ್ತಿ ಸಾರ್."

"ಹಾಸ್ಟೆಲ್ ಬುಕ್ ಮಾಡೋರು ಯಾರು? ವೀಸಾ ಕಾಗದ ನೋಡೋರು ಯಾರು? ಹೋದ ವರ್ಷ ಆ ನೇಪಾಳದವರಿಗೆ ಕಾಮಾಲೆ ಆದಾಗ ಆಸ್ಪತ್ರೆ ಓಡಾಟ ಎಲ್ಲ ಮಾಡಿದ್ದು ಯಾರು? ಅದನ್ನೆಲ್ಲ ಬರೀರಿ."

"ಅಯ್ಯೋ, ಬಿಡಿ ಸಾರ್. ನನ್ನಿಂದಲೇ ಆಫೀಸು ನಡೀತಿದೆ ಅಂತ ನಾನೇ ಬರ್ಕೊಳ್ಳಕ್ಕಾಗತ್ತಾ? ಓದಿದೋರು ಎಷ್ಟು ಜಂಬ ಇವಳಿಗೆ ಅಂತಾರೆ."

ಫಾರಂ ಹಾಗೆಯೇ ಹೋಯಿತು. ಅದನ್ನು ಓದಿದ ಹೆಡ್ ಆಫೀಸಿಗೂ ಈ 'ಇತರೆ' ಏನೆಂದು ತಿಳಿಯಲಿಲ್ಲ. ಪಕ್ಕದಲ್ಲಿ ಕೂತು ನೋಡಿಯೇ ಬರಲಿ ಎಂದು ಒಬ್ಬ ಅಧಿಕಾರಿಯನ್ನು ಕಳಿಸಿತು. ಅವರ ಹೆಸರು ಅಬೆನಾ, ಘಾನಾ ದೇಶದವರು. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಮೇಡಂ ಏನು ಮಾಡುತ್ತಾರೆ ಎಂದು ಬರೆದುಕೊಂಡು ಹೋಗುವುದು ಅವರ ಕೆಲಸ.

ಹಿಂದಿನ ಸಂಜೆ ಮನೆಯಲ್ಲಿ ಈ ವಿಷಯ ಹೇಳಿದೆ. ನನ್ನಾಕೆ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ಪಾಪ ಆಕೆ, ನಾಳೆ ಅವರೆದುರಿಗೆ ಫೋನೂ ಎತ್ತಿ, ಬಾಗಿಲಿಗೂ ಓಡಿ, ಬೆವರು ಸುರಿಸ್ಕೊಂಡು ನಿಂತ್ರೆ ಏನ್ ಚೆನ್ನಾಗಿರತ್ರೀ? ಹೆಣ್ಣು ನೋಡಕ್ಕೆ ಬಂದೋರ ಮುಂದೆ ಹೆಣ್ಣಿನ ಕೈಲಿ ಪಾತ್ರೆ ತೊಳೆಸ್ತಾರಾ? ನೀವೆಲ್ಲ ಒಂದಿನ ಕೈ ಹಾಕಿ. ಆಕೆ ನೆಮ್ಮದಿಯಾಗಿ ಕೂತ್ಕೊಂಡು ಮಾತಾಡ್ಲಿ" ಎಂದಳು.

ಎಷ್ಟು ನ್ಯಾಯವಾದ ಮಾತು! ಯಾರಿಗಾದರೂ ಸಂಶಯ ಬರುತ್ತದೆಯೇ? ನನಗಂತೂ ಬರಲಿಲ್ಲ. ಬೆಳಗ್ಗೆ ಎಂಟಕ್ಕೇ ಆಫೀಸಿಗೆ ಹೋಗಿ ಎಲ್ಲರಿಗೂ ಕೆಲಸ ಹಂಚಿದೆ. ಫೋನಿಗೆ ಮುನಿರಾಜು. ಬರುವ ಟಪಾಲಿಗೆ, ಪಾರ್ಸೆಲ್ಲಿಗೆ ಅಕೌಂಟ್ಸಿನ ಶ್ರೀಕಂಠಯ್ಯ. ಬಂದವರನ್ನು ವಿಚಾರಿಸಲು ಪ್ಯೂನ್ ನಂಜಪ್ಪ. ಹಾಸ್ಟೆಲ್ಲು, ವೀಸಾ ನನ್ನದು. ಗಾಂಧಿ ಬಜಾರಿನಿಂದ ತಿಂಡಿ, ಒಂದು ಮೊಳ ಮಲ್ಲಿಗೆ ಬಂತು. ಮೇಡಂ ಮೈಸೂರು ಸಿಲ್ಕ್ ಸೀರೆಯಲ್ಲಿ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ನೀವು ಏನೂ ಮುಟ್ಬೇಡಿ ಮೇಡಂ. ನಾವಿದೀವಿ" ಎಂದೆ. ಅವರ ಕಣ್ಣು ತುಂಬಿ ಬಂತು. ನನಗೂ ಎದೆ ಉಬ್ಬಿತು.

ಒಂಬತ್ತೂವರೆಗೆ ಅಬೆನಾ ಬಂದರು. ಎತ್ತರದ ಹೆಂಗಸು, ದಪ್ಪ ಕನ್ನಡಕ, ಕೈಯಲ್ಲೊಂದು ನೋಟ್ ಪುಸ್ತಕ. ಎಲ್ಲರ ಕೈ ಕುಲುಕಿ ಮೇಡಂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು.

ಮೊದಲ ಫೋನ್ ಬಂತು. ಮುನಿರಾಜು ಹಾರಿ ಎತ್ತಿದ. "ಹಲೋ. ಹಾ. ಯಾರು ಬೇಕು? ಅವ್ರಾ? ಇದಾರೆ. ಇಲ್ಲ. ಒಂದ್ನಿಮಿಷ ಇರಿ." ಕೈಯಲ್ಲಿ ರಿಸೀವರ್ ಮುಚ್ಚಿಕೊಂಡು ಮೇಡಂ ಕಡೆ ತಿರುಗಿದ. "ಮೇಡಂ, ಯಾರೋ ಡಾಕ್ಟ್ರು ಸೇನ್ ಅಂತೆ, ಕೊಡ್ಬೇಕಾ ಬೇಡ್ವಾ?" ಮೇಡಂ ತುಟಿ ಅಲ್ಲಾಡಿಸದೆ, "ನಾಳೆ ಹತ್ತಕ್ಕೆ ಮಾಡಿ ಅನ್ನು" ಎಂದರು. ಅಬೆನಾ ಏನೋ ಬರೆದುಕೊಂಡರು.

ಶ್ರೀಕಂಠಯ್ಯನವರಿಗೆ ಪಾರ್ಸೆಲ್ ಬಂತು. ಯಾವ ರಿಜಿಸ್ಟರಿನಲ್ಲಿ ಸೇರಿಸಬೇಕು? ಬಾಗಿಲ ಹತ್ತಿರ ನಿಂತು ಕಣ್ಣಲ್ಲೇ ಕೇಳಿದರು. ಮೇಡಂ ಮಡಿಲಲ್ಲಿ ಎರಡು ಬೆರಳು ತೋರಿಸಿದರು, ಎರಡನೇ ಡ್ರಾಯರ್. ಅಬೆನಾ ಮತ್ತೆ ಬರೆದುಕೊಂಡರು. ನಂಜಪ್ಪ ಬಂದವರನ್ನೆಲ್ಲ ಕೂರಿಸಿ ಕಾಫಿ ಕೊಟ್ಟ, ಯಾರನ್ನು ಯಾರ ಹತ್ತಿರ ಕಳಿಸಬೇಕೆಂದು ಮಾತ್ರ ಗೊತ್ತಾಗದೆ ಮೇಡಂ ಮುಂದೆ ಕೈಕಟ್ಟಿ ನಿಂತ.

ಇನ್ನು ನಾನು. ಮುಂದಿನ ವಾರ ಬರುವ ಹದಿನೆಂಟು ಜನಕ್ಕೆ ರೂಮು ಬೇಕೆಂದು ಹಾಸ್ಟೆಲ್ಲಿಗೆ ಫೋನ್ ಮಾಡಿದೆ. ಮ್ಯಾನೇಜರು, "ನೀವು ಯಾರ್ ಸಾರ್? ವಿಶಾಲಾಕ್ಷಮ್ಮ ಇಲ್ವಾ? ಅವರು ಹೇಳಿದ್ರೆ ಕೊಡ್ತೀನಿ" ಎಂದರು. ಹನ್ನೆರಡು ವರ್ಷ ಸರ್ವಿಸು ನನಗೆ! ನಾಚಿಕೆ ಬಿಟ್ಟು ಚೀಟಿ ಬರೆದು ಮೇಡಂ ಮೇಜಿನ ಮೇಲೆ ಜಾರಿಸಿದೆ. ಅವರು ಮೂಲೆಯಲ್ಲಿ 'ವಿಶಾಲಾಕ್ಷಮ್ಮ ಹೇಳಿದಾರೆ, ಕೊಡಿ' ಎಂದು ಮೂರು ಪದ ಬರೆದು ವಾಪಸ್ಸು ಜಾರಿಸಿದರು. ನಾನದನ್ನು ಫೋನಿನಲ್ಲಿ ಹಾಗೆಯೇ ಓದಿದೆ. ರೂಮು ಸಿಕ್ಕಿತು.

ಮಧ್ಯಾಹ್ನ ಮೂರಾಯಿತು. ಮೇಡಂ ಮುಖ ಸಣ್ಣಗಾಗಿತ್ತು. ನೀರು ಕುಡಿಯುವ ನೆಪದಲ್ಲಿ ಹಿಂದಿನ ವರಾಂಡಕ್ಕೆ ಬಂದವರು ನನ್ನನ್ನು ಕರೆದರು.

"ಮೂರ್ತಿ ಸಾರ್, ನಾನು ಬೆಳಗ್ಗೆಯಿಂದ ಒಂದು ಕೆಲಸನೂ ಮಾಡಿಲ್ಲ. ಆಕೆ ಏನಂತ ಬರ್ಕೋತಾರೆ?"

ಆಗ ನನ್ನ ತಲೆಗೆ ಹೊಳೆಯಿತು. ಈ ಹುದ್ದೆಗೆ ಕೆಲಸವಿದೆ ಎಂದು ತೋರಿಸಬೇಕಾದ ಒಂದೇ ಒಂದು ದಿನ, ನಾವು ನಾಲ್ಕು ಜನ ಸೇರಿ ಆಕೆಯ ಕೈಯಿಂದ ಎಲ್ಲ ಕೆಲಸ ಕಿತ್ತುಕೊಂಡು ಗೊಂಬೆಯಂತೆ ಕೂರಿಸಿದ್ದೆವು! ವೈರಿಗಳಾದರೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ. ಆಕೆಯ ಮುಖ ನೋಡಲು ಧೈರ್ಯವಾಗಲಿಲ್ಲ.

ಐದಕ್ಕೆ ಅಬೆನಾ ಪುಸ್ತಕ ಮುಚ್ಚಿದರು. ನಾನು ಓಡಿ ಹೋಗಿ ಅವರ ಮುಂದೆ ನಿಂತೆ. ನನ್ನ ಇಂಗ್ಲಿಷ್ ಅಂದು ಎಲ್ಲಿಗೆ ಹೋಗಿತ್ತೋ. "ಮೇಡಂ, ತಪ್ಪು ನಮ್ಮದು. ಇದೆಲ್ಲ ಅವರದೇ ಕೆಲಸ. ಅತಿಥಿಗಳೆದುರು ಅವರಿಗೆ ಕಷ್ಟವಾಗಬಾರದು ಅಂತ ನಾವು ಇವತ್ತು ಮಾತ್ರ ಮಾಡಿದೆವು" ಎಂದು ಒಂದೇ ಉಸಿರಿಗೆ ಒಪ್ಪಿಕೊಂಡೆ.

ಆಕೆ ಕನ್ನಡಕ ತೆಗೆದು ನಕ್ಕರು. ದೊಡ್ಡ ನಗು, ಶ್ರೀಕಂಠಯ್ಯ ಒಳಗಿನಿಂದ ಇಣುಕಿದರು.

"ಡ್ರೈವರ್ ಬಂದು ಟೆಲಿಫೋನ್ ಮುಂದೆ ಕೂತಾಗಲೇ ನನಗೆ ಗೊತ್ತಾಯಿತು. ಆದರೆ ಊಹಿಸಿದ್ದನ್ನು ನಾನು ಬರೆಯುವ ಹಾಗಿಲ್ಲ, ಕಂಡದ್ದನ್ನಷ್ಟೇ ಬರೆಯಬೇಕು" ಎಂದರು.

"ಕಂಡದ್ದು ಏನು?" ಎಂದೆ.

ಪುಸ್ತಕ ತೆರೆದು ತೋರಿಸಿದರು. ಪುಟದ ತುಂಬ ಸಣ್ಣ ಗೆರೆಗಳು. "ನಾಲ್ಕು ಜನ ಕೆಲಸ ಮಾಡಿದರು. ಒಬ್ಬರೂ ಆಕೆಯನ್ನು ಕೇಳದೆ ಒಂದು ಕಾಗದವನ್ನೂ ಮುಟ್ಟಲಿಲ್ಲ. ಮೂವತ್ತೊಂದು ಸಲ ಕೇಳಿದಿರಿ. ಅದರಲ್ಲಿ ಒಂಬತ್ತು ಸಲ ಕೇಳಿದವರು ಆಕೆಗಿಂತ ಮೇಲಿನ ಗ್ರೇಡಿನವರು, ಅಂದರೆ ನೀವು. ಆಕೆ ಎದ್ದು ನಿಲ್ಲಲಿಲ್ಲ, ದನಿ ಏರಿಸಲಿಲ್ಲ, ಒಂದು ಉತ್ತರವೂ ತಪ್ಪಲಿಲ್ಲ. ನಮ್ಮ ಫಾರಂನಲ್ಲಿ ಒಂದು ಪ್ರಶ್ನೆ ಇದೆ. ಈ ಹುದ್ದೆಯಲ್ಲಿರುವವರು ಎಷ್ಟು ಜನರ ಮೇಲ್ವಿಚಾರಣೆ ಮಾಡುತ್ತಾರೆ? ಅಲ್ಲಿ ಸೊನ್ನೆ ಇತ್ತು. ನಾಲ್ಕು ಎಂದು ಬರೆದಿದ್ದೇನೆ."

ನೋಡಿ, ನಮ್ಮ ಮದುವೆ ಮನೆಗಳಲ್ಲಿ ಉಗ್ರಾಣದ ಬಾಗಿಲಿಗೆ ಮಣೆ ಹಾಕಿಕೊಂಡು ಒಬ್ಬರು ದೊಡ್ಡಮ್ಮ ಕೂತಿರುತ್ತಾರಲ್ಲ? ಆಕೆ ಸೌಟು ಹಿಡಿಯುವುದಿಲ್ಲ, ಎಲೆ ಹಾಕುವುದಿಲ್ಲ. ಆದರೆ ಬೆಲ್ಲ ಎಷ್ಟು, ತುಪ್ಪ ಎಷ್ಟು ಎಂದು ಅಡುಗೆಯವರು ಬಂದು ಕೇಳುವುದು ಆಕೆಯನ್ನೇ. ಕೇಳಿದರೆ, "ನಾನೇನ್ ಮಾಡ್ದೆ ಬಿಡಿ, ಸುಮ್ನೆ ಕೂತಿದ್ದೆ" ಎನ್ನುತ್ತಾರೆ. ಇಷ್ಟು ವರ್ಷ ನಾವೂ ಅದನ್ನು ನಂಬಿಕೊಂಡೇ ಊಟ ಮಾಡಿ ಬಂದಿದ್ದೇವೆ. ಅದು ಸುಳ್ಳೆಂದು ಕಂಡುಹಿಡಿಯಲು ಘಾನಾದಿಂದ ಒಬ್ಬರು ಬರಬೇಕಾಯಿತು.

ಮೊನ್ನೆ ಹೊಸ ಬಜೆಟ್ ಪುಸ್ತಕ ಬಂತು. ಇನ್ನೂರು ಚಿಲ್ಲರೆ ಪುಟ. ನೇರವಾಗಿ ಕೊನೆಯ ಪಟ್ಟಿಗೆ ಹೋದೆವು. ಬೆಂಗಳೂರು ಕಚೇರಿ, ಒಂದು ಹುದ್ದೆ, ಜಿ-3ರಿಂದ ಜಿ-5ಕ್ಕೆ. ಅಷ್ಟೇ. ಹೆಸರಿಲ್ಲ, ಆಸ್ಪತ್ರೆಗೆ ಓಡಾಡಿದ ಲೆಕ್ಕವೂ ಇಲ್ಲ. ಮೇಡಂ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಎರಡು ಸಲ ಓದಿದರು. ಆಮೇಲೆ ಯಜಮಾನರಿಗೆ ಹೇಳಿ ಬರುತ್ತೇನೆಂದು ಅರ್ಧ ದಿನ ರಜೆ ಕೇಳಿದರು. ಹನ್ನೆರಡು ವರ್ಷದಲ್ಲಿ ಆಕೆ ರಜೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಿಜವಾಗಿ ಸಂತೋಷವಾಯಿತು. ಮುನಿರಾಜು ಕೇಳದೆಯೇ ಕಾರು ತೆಗೆದ. ನಂಜಪ್ಪ ಇಡೀ ಬೀದಿಗೆ ಮೈಸೂರು ಪಾಕು ಹಂಚಿದ.

ಸಂತೋಷದ ಅಡಿಯಲ್ಲಿ ಒಂದು ಸಣ್ಣ ಮುಳ್ಳು ಇತ್ತು, ಸುಳ್ಳು ಹೇಳುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಅಂದು ಕೆಸರಾದದ್ದು ನಮ್ಮ ಕೈ, ಮೊಸರು ಆಕೆಗೆ. ಜಿ-4 ಆಗಿ ನಾನು ಇದ್ದಲ್ಲೇ ಇದ್ದೇನೆ. ಮರುದಿನ ಮೇಡಂ ಬಂದು, "ಮೂರ್ತಿ ಸಾರ್, ಇನ್ಮೇಲೆ ನಿಮ್ಮ ರಜಾ ಅರ್ಜಿಗೆ ನಾನು ಸೈನ್ ಹಾಕ್ಬೇಕಂತೆ. ನಂಗೆ ಒಂಥರಾ ನಾಚಿಕೆ ಆಗ್ತಿದೆ. ನೀವು ಬೇಜಾರ್ ಮಾಡ್ಕೋಬೇಡಿ" ಎಂದರು. ನಾನು ನಕ್ಕು ಅರ್ಜಿ ಕೊಟ್ಟೆ. ಆಕೆ ಒಂದು ತಾರೀಕು ತಪ್ಪಿದೆ ಎಂದು ತೋರಿಸಿ ವಾಪಸ್ಸು ಕೊಟ್ಟರು.

ಮುಂದಿನ ಬಜೆಟ್ಟಿಗೆ ನನ್ನ ಹುದ್ದೆಯನ್ನು ನೋಡಲು ಬರುತ್ತಾರಂತೆ. ಆ ದಿನ ಬಂದು ನನ್ನ ಕೆಲಸವನ್ನೆಲ್ಲ ಮಾಡಿಕೊಡಲು, ಓದುಗರೇ, ನಿಮ್ಮಲ್ಲಿ ಯಾರಿಗಾದರೂ ಪುರುಸೊತ್ತಿದೆಯೇ?