ಪಂಪಣ್ಣನ ಕಿವಿ

ಹಿತ್ತಿಲಿನ ಈಜುಕೊಳವನ್ನು ಕಟ್ಟಿಸಿದ್ದು ನಮ್ಮ ಮನೆಯವರ ಬೆನ್ನುನೋವಿಗಾಗಿ. ಎರಡು ಆಪರೇಷನ್ ಆದಮೇಲೂ ನೆಲದ ಮೇಲೆ ಹತ್ತು ಹೆಜ್ಜೆ ಇಡಲು ಅವರು ಒದ್ದಾಡುತ್ತಿದ್ದರು. ನೀರಿನಲ್ಲಿ ಮಾತ್ರ ಅರ್ಧ ಗಂಟೆ ಆರಾಮಾಗಿ ನಡೆಯುತ್ತಿದ್ದರು. ಆದರೆ ಕೊಳ ಸಾಕುವುದೂ ಎಮ್ಮೆ ಸಾಕುವುದೂ ಒಂದೇ ಎಂದು ನಮಗೆ ಯಾರೂ ಹೇಳಿರಲಿಲ್ಲ. ಮೊದಲು ಬಂದ ಕೆಲಸದವನು ಕ್ಲೋರಿನ್ನನ್ನು ಕೈಗೆ ಬಂದಷ್ಟು ಸುರಿದು ಇವರ ಕಣ್ಣು ಕೆಂಡ ಮಾಡಿದ. ಎರಡನೆಯವನು ಫೋನ್ ಮಾಡಿದಾಗಲೆಲ್ಲ "ದಾರೀಲಿದೀನಿ ಮೇಡಂ" ಎನ್ನುತ್ತಿದ್ದ. ಆ ದಾರಿ ಮುಗಿಯಲೇ ಇಲ್ಲ. ನೀರು ಹಸಿರುಗಟ್ಟಿ ಕಪ್ಪೆಗಳು ಸಂಸಾರ ಹೂಡಿದ ಮೇಲೆ ಹಾರ್ಡ್‌ವೇರ್ ಅಂಗಡಿಯವರು ಪಂಪಣ್ಣನನ್ನು ಕಳಿಸಿದರು.

ಅದು ಅವನ ಹೆಸರಲ್ಲ. ಪಂಪು ರಿಪೇರಿ ಮಾಡುತ್ತಿದ್ದವನಿಗೆ ಜನ ಇಟ್ಟದ್ದು. ಬಂದವನು ನೀರಿನ ಕಡೆ ನೋಡಲೇ ಇಲ್ಲ. ನೇರ ಪಂಪಿನ ಗೂಡಿಗೆ ನುಗ್ಗಿ, ಸ್ವಿಚ್ ಹಾಕಿ, ಕಣ್ಣು ಮುಚ್ಚಿ ಕುಕ್ಕರುಗಾಲಲ್ಲಿ ಕೂತ.

"ಬೇರಿಂಗ್ ಸವೆದಿದೆ. ಪೈಪಲ್ಲಿ ಗಾಳಿ ಎಳ್ಕೋತಿದೆ. ನೀರಿನ ತಪ್ಪೇನಿಲ್ಲ ಮೇಡಂ, ಪಾಪ."

ನಾಲ್ಕು ದಿನಕ್ಕೆ ತಳದ ಟೈಲ್ಸಿನ ಗೆರೆಗಳು ಕಾಣಿಸಿದವು. ಅಲ್ಲಿಂದ ಆರು ವರ್ಷ, ಮಂಗಳವಾರ ಮತ್ತು ಶನಿವಾರ, ಅವನ ಸೈಕಲ್ಲು ನಮ್ಮ ಗೇಟಿಗೆ ಒರಗುತ್ತಿತ್ತು.

ನಾಲ್ಕನೆಯ ವರ್ಷ ಅವನ ಹೆಂಡತಿಯೂ ಜೊತೆಗೆ ಬರತೊಡಗಿದಳು. "ಇವಳಿಗೆ ಮನೇಲಿ ಒಬ್ಬಳೇ ಕೂತು ಬೇಜಾರಂತೆ" ಎಂದ. ಒಬ್ಬರು ಕೂರುವುದೇ ಕಷ್ಟವಾಗಿದ್ದ ಆ ಗೂಡಿನಲ್ಲಿ ಇಬ್ಬರೂ ತೂರಿಕೊಳ್ಳುವುದನ್ನು ನೋಡಿ ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಶನಿವಾರ ಅವನ ಬೆನ್ನ ಹಿಂದೆ ನಿಂತು ಟೀ ಕುಡಿಯಲು ಮೂರು ಸಲ ಕರೆದೆ. ತಿರುಗಲಿಲ್ಲ. ಅಷ್ಟರಲ್ಲಿ ಕೈಯ ತಟ್ಟೆ ಜಾರಿ, ಗಾಜಿನ ಲೋಟಗಳು ಕಲ್ಲಿನ ಮೇಲೆ ಬಿದ್ದು ಚೂರಾದವು. ಆಗಲೂ ಅವನು ಬಲೆಯಿಂದ ಎಲೆ ಎತ್ತುತ್ತಲೇ ಇದ್ದ. ಹೆಂಡತಿ ಓಡಿಬಂದು ನನ್ನ ಕೈ ಹಿಡಿದುಕೊಂಡಳು.

"ಯಾರಿಗೂ ಹೇಳ್ಬೇಡಿ ಮೇಡಂ. ಗೊತ್ತಾದ್ರೆ ಕೆಲಸಕ್ಕೆ ಕರೆಯಲ್ಲ."

"ಯಾವಾಗಿನಿಂದ ಹೀಗೆ?"

"ಪೂರ್ತಿ ಹೋಗಿ ವರ್ಷ ಆಯ್ತು. ಮೂವತ್ತು ವರ್ಷ ಪಂಪಿನ ಪಕ್ಕ ಕೂತ ಕಿವಿ ಅಲ್ವಾ. ಡಾಕ್ಟರು ಮಷಿನ್ ಕೊಟ್ರು. ಅದರಲ್ಲಿ ಎಲ್ಲಾ ಶಬ್ದಾನೂ ತಗಡು ಬಡಿದ ಹಾಗೆ ಇರುತ್ತಂತೆ. ಕಿತ್ತಿಟ್ಟುಬಿಟ್ರು."

"ಮತ್ತೆ ಪಂಪಿನ ಕೆಲಸ?"

"ನಾನು ಕೇಳ್ತೀನಿ, ಅವರು ಮಾಡ್ತಾರೆ."

ಅದು ಹೇಗೆಂದು ಆ ದಿನವೇ ನೋಡಿದೆ. ಆಕೆ ಪಂಪಿಗೆ ಕಿವಿಯಿಟ್ಟು, ಮುಖವನ್ನು ಅವನ ಕಡೆ ತಿರುಗಿಸಿ, ತುಟಿಯಾಡಿಸುತ್ತಿದ್ದಳು. "ಮಾವ ಗೊರಕೆ ಹೊಡೀತಿದಾರೆ" ಅಂದರೆ ಬೇರಿಂಗ್ ಒಣಗಿದೆ. "ಮಗೂಗೆ ಬಿಕ್ಕಳಿಕೆ" ಅಂದರೆ ಪೈಪಿನಲ್ಲಿ ಗಾಳಿ. "ಅತ್ತೆ ಹಲ್ಲು ಕಡೀತಿದಾರೆ" ಅಂದರೆ ಒಳಗೆ ಕಲ್ಲು ಸೇರಿದೆ. ಮದುವೆಯಾದ ಹೊಸದರಲ್ಲಿ ಸಂಜೆ ಮನೆಗೆ ಬಂದು ಅವನು ಪಂಪುಗಳ ಶಬ್ದವನ್ನೆಲ್ಲ ಅನುಕರಿಸಿ ಅವಳನ್ನು ನಗಿಸುತ್ತಿದ್ದನಂತೆ. ಆ ಹೆಸರುಗಳು ಹುಟ್ಟಿದ್ದು ಆಗ.

"ಗೊರಕೆ ದಿನಾ ಇರೋ ಥರಾನಾ, ನಮ್ಮ ಮದುವೆ ದಿನದ ಥರಾನಾ?" ಎಂದು ಅವನು ಕೇಳಿದ.

"ಮದುವೆ ದಿನದ್ದೇ."

ಅವನು ಸ್ಪ್ಯಾನರ್ ತೆಗೆದ. ಅವನಿಗೆ ಓದಲು ಬರುತ್ತಿದ್ದುದು ಅವಳ ತುಟಿ ಮಾತ್ರ. ಉಳಿದವರ ಮುಂದೆ ಸುಮ್ಮನೆ ತಲೆಯಾಡಿಸಿ ಸಾಗಿಸುತ್ತಿದ್ದ.

ಎರಡು ವರ್ಷ ಹಾಗೆಯೇ ನಡೆಯಿತು. ಆಮೇಲೆ ಒಮ್ಮೆ ಎರಡು ವಾರ ಇಬ್ಬರೂ ಬರಲಿಲ್ಲ. ಮೂರನೆಯ ವಾರ ಅವನೊಬ್ಬನೇ ಸೈಕಲ್ ತಳ್ಳಿಕೊಂಡು ಬಂದ.

"ಹೋಗ್ಬಿಟ್ಳು ಮೇಡಂ" ಎಂದ. "ನಾಲ್ಕೇ ದಿನ ಜ್ವರ. ಕೊನೇಲಿ ಏನೋ ಹೇಳ್ತಿದ್ಳು. ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ರು, ತುಟಿ ಕಾಣ್ಲಿಲ್ಲ. ನರ್ಸಮ್ಮ ಅವಳ ಹತ್ರ ಬಗ್ಗಿ ಕೇಳಿಸ್ಕೊಂಡು ನನಗೆ ಹೇಳಿದ್ರು. ಕಿವಿ ಕೇಳಲ್ಲ ಅನ್ನೋಕೆ ನಾಚಿಕೆ ಆಯ್ತು. ತಲೆ ಆಡಿಸ್ದೆ."

ನಾನೇನು ಹೇಳಿದರೂ ಅವನಿಗೆ ಕೇಳುತ್ತಿರಲಿಲ್ಲ. ಒಳಗಿನಿಂದ ಚೀಟಿ, ಪೆನ್ನು ತಂದೆ.

ಪಂಪಿನ ಶಬ್ದ ನಾನು ಕೇಳಿ ಹೇಳುತ್ತೇನೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಗೂಡಿನಲ್ಲಿ ಕೂತು, ಕಿವಿಯಿಟ್ಟು, 'ಗುಂಯ್ ಎನ್ನುತ್ತಿದೆ' ಎಂದು ಬರೆದೆ. "ಹೇಗೆ ಗುಂಯ್?" ಎಂದ. ನನಗೆ ತೋಚಲಿಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, ಒಂದು ಶಬ್ದಕ್ಕೆ ಮಾತು ಸಿಗದೆ ತಡಕಾಡಿದೆ. ಕೊನೆಗೆ ಬುದ್ಧಿಗೆಟ್ಟು 'ಮಾವನ ಗೊರಕೆ' ಎಂದು ಬರೆದೆ. ಅವನು ಓದಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟ.

"ಅದೊಂದು ಬೇಡ ಮೇಡಂ."

ಪಂಪಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೂತಿದ್ದ. ಆಮೇಲೆ ಎದ್ದು, "ಇದಕ್ಕೆ ಬೇರೆಯವರನ್ನ ನೋಡ್ಕೊಳ್ಳಿ" ಎಂದ. ಮುಂದಿನ ತಿಂಗಳಿಂದ ಪಂಪಿಗೆ ಒಂದು ಕಂಪನಿಯವರು ಮೀಟರು ಹಿಡಿದು ಬರತೊಡಗಿದರು, ಕೆಲಸವೇನೋ ಚೊಕ್ಕ. ಎಲೆ ತೆಗೆಯುವುದು, ಟೈಲ್ಸ್ ಉಜ್ಜುವುದು ಪಂಪಣ್ಣನಿಗೇ ಉಳಿಯಿತು. ಗೂಡಿನ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಆ ನರ್ಸಿನ ವಿಷಯ ಮಾತ್ರ ನನ್ನ ಮನಸ್ಸಿನಿಂದ ಹೋಗಲಿಲ್ಲ. ಒಂದು ದಿನ ಅವನನ್ನು ಒತ್ತಾಯ ಮಾಡಿ ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ವಾರ್ಡು ಸುತ್ತಿದ ಮೇಲೆ ಆಕೆ ಸಿಕ್ಕಳು. ಕಿಟಕಿ ಪಕ್ಕದ ಮಂಚ ನೆನಪಿತ್ತು, ಹೆಂಗಸಿನ ಮುಖವೂ ನೆನಪಿತ್ತು.

"ಏನೋ ಹೇಳಿದ್ರು, ನಿಜ. ನಾನೂ ಇವರಿಗೆ ಹೇಳ್ದೆ. ಆದ್ರೆ ಏನು ಅಂತ ಈಗ ನೆನಪಾಗ್ತಿಲ್ಲ ಮೇಡಂ" ಎಂದಳು. ಅವಳ ಕಣ್ಣು ತುಂಬಿತು.

ಪಂಪಣ್ಣ ನನ್ನ ಪೆನ್ನನ್ನೇ ನೋಡುತ್ತಿದ್ದ. ಏನಾದರೊಂದು ಕಟ್ಟಿ ಬರೆಯಬಹುದಿತ್ತು. ಕೈ ಬರಲಿಲ್ಲ. 'ಅವರಿಗೆ ನೆನಪಿಲ್ಲ' ಎಂದಷ್ಟೇ ಬರೆದೆ.

ಅವನು ಎರಡು ಸಲ ಓದಿದ.

"ಇರ್ಲಿ ಬಿಡಿ. ಸಣ್ಣ ಮಾತೇ ಇರ್ಬೇಕು. ದೊಡ್ಡದಾಗಿದ್ರೆ ಅವಳು ಮಾಸ್ಕ್ ಕಿತ್ತೆಸೆದು ಹೇಳ್ತಿದ್ಳು."

ವಾಪಸು ಬರುವಾಗ ಕಂಡಕ್ಟರ್ ಅವನನ್ನು ಏನೋ ಕೇಳಿದ. ತಲೆಯಾಡಿಸಲು ಹೊರಟವನು ತಡೆದು, "ನಂಗೆ ಕಿವಿ ಕೇಳಲ್ಲ ಸ್ವಾಮಿ" ಎಂದ, ಬಸ್ಸಿಗೆಲ್ಲ ಕೇಳುವ ಹಾಗೆ. ನಾಲ್ಕು ಜನ ತಿರುಗಿ ನೋಡಿದರು. ಅವನು ಕಿಟಕಿಯ ಕಡೆ ಮುಖ ಮಾಡಿ, ಇಳಿಯುವವರೆಗೂ ಅತ್ತ.